ಆರು ಪಿಸ್ತೂಲಿಗೆ ಎರಡನೇ ಫಾರಂ

ನಮ್ಮೂರ ಹರಾಜಿನಲ್ಲಿ ಒಂದೇ ಒಂದು ಪಿಸ್ತೂಲು ಕೊಳ್ಳುವವನಿಗೆ ಮೊದಲನೇ ಫಾರಂ ಸಾಕು. ಅದರಲ್ಲಿ ಹೆಸರು ಬರೆಯಬೇಕು, ಅಷ್ಟೆ. ಎರಡು ಬೇಕು, ಮೂರು ಬೇಕು ಎಂದರೆ ಎರಡನೇ ಫಾರಂ. ಅದರಲ್ಲಿ ಯಾಕೆ ಬೇಕು ಎಂದು ಬರೆಯಬೇಕು. ಬರೆಯಬೇಕು ಎಂದರೆ ನಮ್ಮೂರಲ್ಲಿ ಎಂಥ ಗಂಡಸೂ ಹಿಂದೆಮುಂದೆ ನೋಡುತ್ತಾನೆ, ಯಾಕೆಂದರೆ ಇಲ್ಲಿ ಸುಳ್ಳು ಬರೆದರೆ ಮಸಿ ನಿಲ್ಲುವುದಿಲ್ಲ. ಹಸಿ ಇರುವ ತನಕ ಇರುತ್ತದೆ, ಆರಿತೋ, ಸಾಲಿಗೆ ಸಾಲೇ ಕಾಗದ ಬಿಟ್ಟು ಪುಡಿಯಾಗಿ ಉದುರುತ್ತದೆ. ಪೆನ್ನು ಬದಲಿಸಿ ನೋಡಿದವರಿದ್ದಾರೆ, ಪೇಟೆಯಿಂದ ಬಣ್ಣ ತರಿಸಿದವರಿದ್ದಾರೆ, ಯಾವುದೂ ನಡೆದಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಮದುವೆ ಕಾರ್ಡಿನಲ್ಲಿ ‘ನಿಮ್ಮ ಆಗಮನವೇ ನಮಗೆ ಉಡುಗೊರೆ’ ಎಂದು ಈಗ ಯಾರೂ ಅಚ್ಚು ಹಾಕಿಸುವುದಿಲ್ಲ. ಹಾಲಿನಂಗಡಿಯವನು ‘ಶುದ್ಧ ಹಾಲು’ ಎಂದು ಬರೆಸಿದ ಬೋರ್ಡು ಬರೀ ಹಸಿರು ಹಲಗೆಯಾಗಿ ನೇತಾಡುತ್ತದೆ. ‘ನನ್ನ ಮೆಚ್ಚಿನ ಗುರುಗಳು’ ಎಂಬ ಪ್ರಬಂಧ ಬರೆಸುವುದನ್ನು ಮಾಸ್ತರರೇ ನಿಲ್ಲಿಸಿ ಯಾವ ಕಾಲವಾಯಿತು. ಇವೆಲ್ಲ ನಗುವ ಮಾತು. ದೊಡ್ಡವರು ಹೊಂದಿಕೊಂಡ ರೀತಿ ಕೇಳಿದರೆ ಮೈ ಉರಿಯುತ್ತದೆ. ಅವರು ಬರೆಯುವುದನ್ನೇ ಬಿಟ್ಟರು. ಪೊಲೀಸರು ಬಾಯಿಮಾತಿನಲ್ಲಿ ವಿಚಾರಿಸುತ್ತಾರೆ, ನ್ಯಾಯಾಧೀಶರು ಬಾಯಿಮಾತಿನಲ್ಲಿ ತೀರ್ಪು ಹೇಳುತ್ತಾರೆ, ಆಮೇಲೆ ಖಾಲಿ ಹಾಳೆಗೆ ಸೀಲು ಒತ್ತುತ್ತಾರೆ. ಸೀಲು ಉದುರುವುದಿಲ್ಲ. ಅದು ಹೌದು ಎಂದೂ ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ, ಅದಕ್ಕೇನು ಧಾಡಿ.

ನಾನು ಕಾಳವ್ವ. ಕುಲುಮೆಯವಳು. ಅಪ್ಪ ಹೋದ ಮೇಲೆ ತಿದಿ, ಸುತ್ತಿಗೆ, ಅಡಿಗಲ್ಲು ಎಲ್ಲ ನನ್ನ ಪಾಲಿಗೆ ಬಂದವು. ನನ್ನ ತಮ್ಮ ಮೌನೇಶನಿಗೆ ಕುಡುಗೋಲು, ಕೊಡಲಿ ಬೇಜಾರು. ಅವನ ಕೈ ಸೂಕ್ಷ್ಮದ ಕೈ. ಬೀಗ, ಗಡಿಯಾರ, ಪಿಸ್ತೂಲು ಎಂದರೆ ಊಟ ಬಿಟ್ಟು ಕೂರುತ್ತಿದ್ದ. ಹಾಗಾಗಿ ಕುಬೇರಪ್ಪನ ಮನೆಗೆ ಹೋಗಿಬರುವುದು ಶುರುವಾಯಿತು. ಕುಬೇರಪ್ಪನಿಗೆ ಊರ ತುಂಬ ಲಾರಿಗಳು. ಅದರ ಜೊತೆಗೆ ಅವನು ಗುರಿಕಾರರ ಸಂಘದ ಅಧ್ಯಕ್ಷ. ಸಂಘದವರು ಗುರಿಯಿಟ್ಟು ಹಣ್ಣು ಹೊಡೆದದ್ದನ್ನು ನಾನಂತೂ ನೋಡಿಲ್ಲ. ಪ್ರತಿ ಹರಾಜಿಗೂ ಅವನು ಆಳುಗಳನ್ನು ಕರೆದುಕೊಂಡು ಬರುತ್ತಾನೆ. ಒಬ್ಬೊಬ್ಬ ಆಳು ಒಂದೊಂದು ಪಿಸ್ತೂಲು ಕೂಗುತ್ತಾನೆ, ಒಬ್ಬೊಬ್ಬನೂ ಮೊದಲನೇ ಫಾರಮಿನಲ್ಲಿ ತನ್ನ ಹೆಸರು ತಾನೇ ಬರೆಯುತ್ತಾನೆ. ಹೆಸರು ನಿಜವೇ, ಮಸಿ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಎಲ್ಲ ಪಿಸ್ತೂಲೂ ಒಂದೇ ಮನೆಯ ಕಪಾಟಿನಲ್ಲಿ. ಎರಡನೇ ಫಾರಂ ಎಂಬುದೊಂದು ಇದೆ ಎಂದು ಅವನು ತಲೆ ಕೆಡಿಸಿಕೊಂಡವನೇ ಅಲ್ಲ.

ನಾಲ್ಕು ವರ್ಷದ ಹಿಂದೆ ಅವನು ಮೌನೇಶನಿಗೆ ಆರು ಪಿಸ್ತೂಲು ಕೊಟ್ಟು, ಅವುಗಳ ಮೇಲಿನ ನಂಬರು ಉಜ್ಜಿ ಅಳಿಸು ಎಂದ. ಮೌನೇಶ ಮನೆಗೆ ಬಂದು ರೊಟ್ಟಿ ಮುರಿಯುತ್ತ ಈ ಮಾತು ಹೇಳಿದ. ನಂಬರು ಅಳಿಸಿಸುವುದು ಯಾಕೆ, ಕೊಲೆ ಮಾಡಿ ದಕ್ಕಿಸಿಕೊಳ್ಳಲು ತಾನೇ, ನಾನು ಆಗುವುದಿಲ್ಲ ಎಂದು ಹೇಳಿಬರುತ್ತೇನೆ ಎಂದ. ಮರುದಿನ ಬೆಳಿಗ್ಗೆ ಹೋದ. ಹೇಳಿದ. ಬಂದದ್ದು ಅವನ ಹೆಣ.

ಪೊಲೀಸರು ಆ ಆರನ್ನೂ ಎತ್ತಿಕೊಂಡು ಹೋದರು. ಯಾವುದರಿಂದ ಗುಂಡು ಹಾರಿತು ಎಂದು ಒಂದಕ್ಕೆ ಚೀಟಿ ಕಟ್ಟಿದ್ದರಂತೆ. ಚೀಟಿಯಲ್ಲಿ ಏನು ಸುಳ್ಳು ಬರೆದಿದ್ದರೋ, ವಾರದೊಳಗೆ ಅದು ಖಾಲಿಯಾಯಿತು. ನ್ಯಾಯಾಧೀಶರು ಐದು ನಿಮಿಷದಲ್ಲಿ, ಕುಬೇರಪ್ಪನದು ತಪ್ಪಿಲ್ಲ ಎಂದು ಬಾಯಿಮಾತಿನ ತೀರ್ಪು ಹೇಳಿ ಎದ್ದರು. ಆದರೆ ಅವ್ವ ಬಿಡಲಿಲ್ಲ. ಬರೆದು ಕೊಡಿ ಎಂದು ಮೂರು ದಿನ ಮೆಟ್ಟಿಲ ಮೇಲೆ ಕೂತಳು. ಹೆಣ್ಣುಮಗಳು ಅನ್ನ ಬಿಟ್ಟು ಕೂತರೆ ಊರಿಗೆ ಕೆಟ್ಟ ಹೆಸರು ಎಂದು ಕೊನೆಗೆ ಬರೆದು, ಸೀಲು ಒತ್ತಿ, ಲಕೋಟೆಯಲ್ಲಿಟ್ಟು ಕಳಿಸಿದರು. ಮನೆಯಲ್ಲಿ ಒಡೆದು ನೋಡಿದರೆ ಹಾಳೆಯಲ್ಲಿ ಒಂದೇ ಸಾಲು ಉಳಿದಿತ್ತು. ‘ಮೌನೇಶನು ಮೃತಪಟ್ಟಿದ್ದಾನೆ.’ ಅದರ ಮೇಲೆ, ಕೆಳಗೆ ಏನೇನು ಬರೆದಿದ್ದರೋ ಎಲ್ಲ ಲಕೋಟೆಯ ತಳದಲ್ಲಿ ಕರೀ ಪುಡಿಯಾಗಿ ಬಿದ್ದಿತ್ತು. ಅವ್ವ ಆ ಪುಡಿಯನ್ನು ಚೆಲ್ಲಗೊಡಲಿಲ್ಲ. ಕುಂಕುಮದ ಭರಣಿಯನ್ನು ತೊಳೆದು ಅದರಲ್ಲಿ ತುಂಬಿಟ್ಟಳು.

ಆ ವಾರವೇ ನಾನು ಇದ್ದಿಲು ತೆಗೆದುಕೊಂಡು ಕುಲುಮೆಯ ಗೋಡೆಯ ಮೇಲೆ ಬರೆದೆ: ಕುಬೇರಪ್ಪ ನನ್ನ ತಮ್ಮನನ್ನು ಕೊಂದ. ಒಂದು ಗೀಟೂ ಉದುರಲಿಲ್ಲ. ಇಂದಿಗೂ ಹಾಗೇ ಇದೆ. ಪೊಲೀಸ್ ಠಾಣೆಯ ಫೌಜದಾರನನ್ನು ಕರೆತಂದು ತೋರಿಸಿದೆ. ಅವನು ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತ, ಗೋಡೆಗೆ ಸೀಲು ಎಲ್ಲಿದೆ ಎಂದು ಕೇಳಿದ. ಕಾದ ಕಬ್ಬಿಣ ನನ್ನ ಕೈಯಲ್ಲೇ ಇತ್ತು. ಅದನ್ನು ನೀರಿಗೆ ಅದ್ದಲು ನಾನು ಎಷ್ಟು ಕಷ್ಟಪಟ್ಟೆ ಎಂಬುದು ನನಗೆ ಗೊತ್ತು.

ಈ ವರ್ಷ ಡಂಗುರ ಸಾರಿದರು: ಕಚೇರಿಯ ಪೆಟ್ಟಿಗೆಯಲ್ಲಿದ್ದ ಆರು ಪಿಸ್ತೂಲು ಸೋಮವಾರ ಹರಾಜು. ಅವವೇ ಆರು. ಕುಬೇರಪ್ಪ ಆರು ಆಳುಗಳಿಗೆ ಹೊಸ ಅಂಗಿ ಹೊಲಿಸಿದ್ದಾನೆ ಎಂಬ ಸುದ್ದಿಯೂ ಬಂತು. ಅವ್ವ ಒಂದೇ ಮಾತು ಹೇಳಿದಳು. ನನ್ನ ಮಗನ ಎದೆ ಒಡೆದ ವಸ್ತು ತಿರುಗಿ ಆ ಮನೆಯ ಕಪಾಟಿಗೆ ಹೋದರೆ ನನ್ನ ಹೆಣ ಎತ್ತಲು ನೀನು ಬರಬೇಡ ಎಂದಳು. ಯಾವುದು ಎಂದು ಗೊತ್ತಿಲ್ಲವಲ್ಲ, ಹಾಗಾಗಿ ಆರೂ ಬೇಕಿತ್ತು ನನಗೆ. ಆರನ್ನೂ ತಂದು ಅಡಿಗಲ್ಲಿನ ಮೇಲಿಟ್ಟು ಬಡಿಯಬೇಕಿತ್ತು.

ಅಪ್ಪನ ಕಾಲದ ಒಂದು ಸಂಗತಿ ನನಗೆ ನೆನಪಿತ್ತು. ಅವನು ಕಚೇರಿಯವರು ಹಿಡಿದ ಕತ್ತಿ, ಚೂರಿಗಳನ್ನು ರಾಶಿಗೆ ರಾಶಿಯೇ ಕಬ್ಬಿಣದ ತೂಕಕ್ಕೆ ಕೊಂಡು ತಂದು ಕುಡುಗೋಲು ಮಾಡುತ್ತಿದ್ದ. ಇಡೀ ರಾಶಿ ಕೇಳುವವನಿಗೆ ಮೊದಲ ಹಕ್ಕು, ಬಿಡಿಬಿಡಿಯಾಗಿ ಕೂಗುವವರು ಆಮೇಲೆ. ಇದು ಕಮ್ಮಾರರಿಗೆಂದೇ ಮಾಡಿದ ಹಳೇ ನಿಯಮ. ಅಪ್ಪ ತುಂಬುತ್ತಿದ್ದದ್ದೂ ಅದೇ ಎರಡನೇ ಫಾರಮನ್ನು. ಅವನಿಗೇನು ಭಯ, ಕುಡುಗೋಲು ಮಾಡಲು ಎಂದು ಬರೆಯುತ್ತಿದ್ದ, ಕುಡುಗೋಲೇ ಮಾಡುತ್ತಿದ್ದ.

ಸೋಮವಾರ ಕಚೇರಿಯ ಅಂಗಳದಲ್ಲಿ ಮೇಜಿನ ಮೇಲೆ ಆರನ್ನೂ ಸಾಲಾಗಿ ಇಟ್ಟಿದ್ದರು. ಎಣ್ಣೆ ಹಚ್ಚಿ ಒರೆಸಿದ್ದರು, ಯಾರ ಉಪಚಾರಕ್ಕೋ. ಕುಬೇರಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹೊಸ ಅಂಗಿಯ ಆರು ಜನ ಹಿಂದೆ. ಸವಾಲು ಕೂಗುವವನು ಬಾಯಿ ತೆರೆಯುವ ಮುಂಚೆ ನಾನು ಮುಂದೆ ಹೋಗಿ, ಇಡೀ ರಾಶಿ ನನಗೆ ಬೇಕು, ತೂಕಕ್ಕೆ, ಎರಡನೇ ಫಾರಂ ತೆಗೆಯಿರಿ ಎಂದೆ. ಕುಬೇರಪ್ಪ ನಕ್ಕ. ಹೆಂಗಸಿಗೆ ಆರು ಪಿಸ್ತೂಲು ಯಾಕಂತೆ, ಜುಮಕಿ ಮಾಡಿಸುತ್ತಾಳಂತೇನು ಎಂದು ಪಕ್ಕದವನಿಗೆ ಕೇಳಿಸುವಂತೆ ಅಂದ. ಅವನ ಆಳುಗಳೂ ನಕ್ಕರು.

ಗುಮಾಸ್ತ ವಾಮನರಾವ್ ನಗಲಿಲ್ಲ. ಅವನು ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ನಿಯಮದ ಪುಸ್ತಕ ಮುಚ್ಚಿದ್ದರೆ ಅವನಿಗೆ ಹಸಿವು, ಬಾಯಾರಿಕೆ ಕೂಡ ಗೊತ್ತಾಗುವುದಿಲ್ಲ. ಪುಸ್ತಕ ತೆಗೆದ, ಬೆರಳಿಟ್ಟು ಓದಿದ, ಹೌದು, ಹಕ್ಕು ಇದೆ ಎಂದ. ಹೊಸ ಅಂಗಿಗಳು ಒಂದರ ಮುಖ ಒಂದು ನೋಡಿದವು. ನನ್ನ ಕೈಗೆ ಫಾರಂ ಬಂತು. ಕಾರಣದ ಕಾಲಮಿನಲ್ಲಿ ‘ಮುರಿಯಲು’ ಎಂದು ಬರೆದೆ. ಮಸಿ ನಿಂತಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ವಾಮನರಾವ್ ಕನ್ನಡಕ ಸರಿಮಾಡಿಕೊಂಡು ತಲೆ ಆಡಿಸಿದ.

“ಕಾಳವ್ವಾ, ಮುರಿಯೋದು ಉಪಯೋಗ ಅಲ್ಲ. ಚೂರಿಗೆ ಬ್ಯಾರೆ, ಪಿಸ್ತೂಲಿಗೆ ಬ್ಯಾರೆ. ಇಲ್ಲೆ ನಾಲ್ಕ ಉಪಯೋಗ ಅಚ್ಚು ಹಾಕ್ಯಾರ. ಅದರಾಗ ಒಂದಕ್ಕ ಗುರುತು ಮಾಡು.”

ಆತ್ಮರಕ್ಷಣೆ, ಬೇಟೆ, ಗುರಿ ಅಭ್ಯಾಸ, ಸಂಗ್ರಹ. ಕೊಲ್ಲಲು ನಾಲ್ಕು ದಾರಿ, ಮುರಿಯಲು ಒಂದೂ ಇಲ್ಲ. ಬೇರೆ ಫಾರಂ ಕೊಟ್ಟ. ಆತ್ಮರಕ್ಷಣೆಗೆ ಗುರುತು ಹಾಕಿದೆ, ಉಸಿರು ಬಿಡುವುದರೊಳಗೆ ಉದುರಿತು. ಬೇಟೆಗೆ ಹಾಕಿದೆ, ಉದುರಿತು. ಗುರಿ ಅಭ್ಯಾಸ, ಉದುರಿತು. ಸಂಗ್ರಹಕ್ಕೆ ಹಾಕುವಾಗ ಹಿಂದಿನಿಂದ ಕುಬೇರಪ್ಪನ ಆಳೊಬ್ಬ ಸೀಟಿ ಹೊಡೆದ. ಅದೂ ಉದುರಿತು. ಹಾಗಾದರೆ ಬಿಡಿ ಸವಾಲು ಶುರುಮಾಡಿರಿ ಎಂದು ಕುಬೇರಪ್ಪ ಕುರ್ಚಿಯಿಂದ ಕೂಗಿದ. ಆಗ ನನಗೆ ನಾಲ್ಕರ ಕೆಳಗೆ ಐದನೆಯದೊಂದು ಕಂಡಿತು. ‘ಇತರೆ’ ಎಂದಿತ್ತು, ಪಕ್ಕದಲ್ಲಿ ಹೆಬ್ಬೆರಳಗಲದ ಗೆರೆ.

ಇದೇನು ಎಂದು ಕೇಳಿದೆ. ಅದನ್ನು ಇಲ್ಲಿಯ ತನಕ ಯಾರೂ ತುಂಬಿಲ್ಲ ಎಂದ ವಾಮನರಾವ್.

“ಯಾರೂ ತುಂಬಿಲ್ಲಂದ್ರ ತುಂಬಬಾರದಂತ ಪುಸ್ತಕದಾಗ ಐತೇನ್ರಿ?”

ಅವನು ಮತ್ತೆ ಪುಸ್ತಕ ನೋಡಿದ. ತುಂಬಬಾರದೆಂದು ಇರಲಿಲ್ಲ. ಅಲ್ಲಿದ್ದದ್ದು ಬೇರೆ, ಅವನೇ ಗಟ್ಟಿಯಾಗಿ ಓದಿದ: ‘ಇತರೆ’ ಎಂದಾದಲ್ಲಿ ಕಾರಣವನ್ನು ಪೂರ್ಣವಾಗಿ ಬರೆಯತಕ್ಕದ್ದು, ಜಾಗ ಸಾಲದಿದ್ದರೆ ಹೆಚ್ಚುವರಿ ಹಾಳೆ ಲಗತ್ತಿಸತಕ್ಕದ್ದು. ಅದಕ್ಕೆ ಕಚೇರಿಯ ಸೀಲು ಒತ್ತಿ ಐದು ದಿನ ಬಾಗಿಲಿಗೆ ಅಂಟಿಸತಕ್ಕದ್ದು. ಆಕ್ಷೇಪಣೆ ಇದ್ದವರು ಬರೆದು ಕೊಡತಕ್ಕದ್ದು, ಬಾಯಿಮಾತು ನಡೆಯದು. ಉಪಯೋಗ ಮುಗಿಯಿತೆಂದು ಕೊಂಡವರು ಬರೆದು ಕೊಟ್ಟ ಮೇಲೆಯೇ ಆ ಹಾಳೆಯನ್ನು ಬಾಗಿಲಿನಿಂದ ತೆಗೆಯತಕ್ಕದ್ದು. ಇಷ್ಟು ಓದಿ, ಇದೆಲ್ಲ ಬೇಕೇನವಾ ನಿನಗೆ ಎಂಬಂತೆ ನನ್ನ ಮುಖ ನೋಡಿದ. ಹೆದರಿಸಲು ಓದಿದನೋ, ಓದುವುದೇ ಚಟವೋ, ನಾನರಿಯೆ. ನನ್ನ ಕಿವಿಯಲ್ಲಿ ಮಾತ್ರ ಸೀಲು ಎಂಬ ಒಂದೇ ಶಬ್ದ ಉಳಿಯಿತು.

ಹಾಳೆ ಕೊಡಿ ಎಂದೆ. ಬರೆದೆ. ‘ಈ ಆರು ಪಿಸ್ತೂಲುಗಳಲ್ಲಿ ಒಂದರಿಂದ ಲಾರಿ ಕುಬೇರಪ್ಪನು ನನ್ನ ತಮ್ಮ ಮೌನೇಶನನ್ನು ಕೊಂದನು. ನಂಬರು ಅಳಿಸಲು ತಮ್ಮ ಒಪ್ಪಲಿಲ್ಲ, ಅದಕ್ಕೆ ಕೊಂದನು. ಯಾವುದರಿಂದ ಎಂದು ನನಗೆ ತಿಳಿಯದು. ಆದ್ದರಿಂದ ಆರನ್ನೂ ಮುರಿಯಲು ಬೇಕು.’ ಬರೆದು, ಪೆನ್ನು ಕೆಳಗಿಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಆರಿಸಿದೆ. ಅಂಗಳದ ಜನ ಉದುರುವುದನ್ನೇ ಕಾಯುತ್ತ ನಿಂತರು. ಕಾದರು. ಮಸಿ ಆರಿತು. ನಾನು ಹಾಳೆಯನ್ನು ಬೋರಲು ಮಾಡಿ ಜಾಡಿಸಿದೆ. ಒಂದು ಚುಕ್ಕೆ ಬೀಳಲಿಲ್ಲ.

ವಾಮನರಾವ್ ಓದಿದ. ಕುಬೇರಪ್ಪನ ಕಡೆ ಒಮ್ಮೆ ನೋಡಿದ, ಪುಸ್ತಕದ ಕಡೆ ಒಮ್ಮೆ ನೋಡಿದ. ಪುಸ್ತಕದ ಭಯವೇ ದೊಡ್ಡದಾಯಿತು ಅವನಿಗೆ. ಸೀಲು ಒತ್ತಿದ. ನಾಲ್ಕು ವರ್ಷ ನಾನು ಯಾವುದಕ್ಕಾಗಿ ಕಂಡಕಂಡವರ ಬಾಗಿಲು ಕಾದೆನೋ, ಅದು ಪಿಸ್ತೂಲು ಕೊಳ್ಳುವ ಕಾಗದದ ಮೇಲೆ ಬಂದು ಬಿತ್ತು. ನನಗೆ ಸಂತೋಷವಾಗಲಿಲ್ಲ, ಇನ್ನೂ ಸಿಟ್ಟು ಬಂತು. ತಮ್ಮನನ್ನು ಕೊಂದ ಎಂದು ಹೇಳಲು ನಾನು ಗಿರಾಕಿಯಾಗಬೇಕಾಯಿತಲ್ಲ.

ಐದು ದಿನ ಆ ಹಾಳೆ ಬಾಗಿಲ ಮೇಲಿತ್ತು. ಮೊದಲ ದಿನ ಜನ ದಾರಿಯಲ್ಲಿ ಹೋಗುತ್ತ ಓರೆಗಣ್ಣಿನಲ್ಲಿ ಓದಿದರು. ಎರಡನೆಯ ದಿನ ನಿಂತು ಓದಿದರು. ಓದು ಬಾರದವರು ಬಲ್ಲವರಿಂದ ಓದಿಸಿಕೊಂಡರು. ಮೂರನೆಯ ದಿನ ಅವ್ವ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹೊರಟಳು. ನಾನು ಹಿಂದೆಯೇ ಹೋದೆ. ಅವಳು ನಾಲ್ಕು ವರ್ಷ ಮಡಿಚಿಟ್ಟಿದ್ದ ಕೋರ್ಟಿನ ಹಾಳೆಯನ್ನು ತೆಗೆದು, ಅನ್ನದ ಅಗುಳು ಹಚ್ಚಿ, ನನ್ನ ಹಾಳೆಯ ಪಕ್ಕದಲ್ಲಿ ಅಂಟಿಸಿದಳು. ಒಂದರಲ್ಲಿ ಸೀಲು ಮತ್ತು ತುಂಬಿದ ಬರಹ. ಇನ್ನೊಂದರಲ್ಲಿ ಸೀಲು ಮತ್ತು ಒಂದೇ ಸಾಲು. ಯಾರೂ ಯಾರಿಗೂ ಏನೂ ವಿವರಿಸಬೇಕಾಗಿರಲಿಲ್ಲ. ಆ ಮಧ್ಯಾಹ್ನ ಅಂಗಡಿಸಾಲಿನ ಚಹಾದವನು ಕುಬೇರಪ್ಪನ ಮನೆಗೆ ಚಹಾ ಕಳಿಸಲಿಲ್ಲವಂತೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಲ್ಕನೆಯ ದಿನ ಕುಬೇರಪ್ಪ ಮೊದಲು ನಮ್ಮ ಕುಲುಮೆಗೆ ಬಂದ. ಒಳಗೆ ಕಾಲಿಡಲಿಲ್ಲ, ಗೋಡೆಯ ಬರಹ ಕಂಡಿತೇನೋ.

“ಕಾಳವ್ವಾ, ನಿಮ್ಮವ್ವಗ ವಯಸ್ಸಾಗೇತಿ. ಆಕೀ ಮುಖಾ ನೋಡಿಯಾದ್ರೂ ಈ ಹುಚ್ಚಾಟ ಬಿಡು. ಆ ಹಾಳಿ ಹರಿ, ಪಿಸ್ತೂಲು ಬೇಕಾದ್ರ ಒಂದ್ ನೀನೇ ಇಟ್ಕೊ.”

ನಾನು ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ಬರೆದು ಕೊಡಿ, ಬಾಯಿಮಾತು ನಡೆಯದು ಎಂದೆ. ಅವನ ಮುಖ ಕೆಂಪಾಯಿತು. ಬರೆದೇ ಕೊಡುತ್ತೇನೆ ಎಂದು ಹೊರಟುಹೋದ. ಊರೆಲ್ಲ ಹರಡಿತು: ಕುಬೇರಪ್ಪ ನಾಳೆ ಬರೆಯುತ್ತಾನಂತೆ.

ಐದನೆಯ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಬೇರಪ್ಪ ಜರಿಯಂಚಿನ ಶಲ್ಯ ಹೊದ್ದು ಬಂದ. ಅವನೇನು ದಡ್ಡನಲ್ಲ. ಆಕ್ಷೇಪಣೆಯ ಹಾಳೆಯ ಮೊದಲ ಕಾಲಮಿನಲ್ಲಿ ‘ನನಗೆ ಆಕ್ಷೇಪಣೆ ಇದೆ’ ಎಂದು ಬರೆದ. ಅದು ನಿಜವೇ ತಾನೇ, ಮಸಿ ನಿಂತಿತು. ಅವನು ಹಾಳೆ ಎತ್ತಿ ಎಲ್ಲರಿಗೂ ತೋರಿಸಿದ. ಆಳುಗಳು ಚಪ್ಪಾಳೆ ತಟ್ಟಿದರು. ಇಷ್ಟಕ್ಕೇ ಮುಗಿದುಹೋದರೆ ಪಿಸ್ತೂಲು ಅವನ ಪಾಲು. ಆದರೆ ವಾಮನರಾವ್ ಪುಸ್ತಕ ತೆಗೆದಿಟ್ಟುಕೊಂಡೇ ಕೂತಿದ್ದ. ಎರಡನೇ ಕಾಲಂ ಬಾಕಿ ಇದೆ ಸಾಹೇಬರೇ, ಆಕ್ಷೇಪಣೆಗೆ ಕಾರಣ ಬರೆಯಬೇಕು ಎಂದ. ನಿಯಮದಾಗ ಅದ ಎಂದ.

ಕುಬೇರಪ್ಪ ‘ಆಕೆ ಬರೆದದ್ದು ಸುಳ್ಳು’ ಎಂದು ಬರೆದ. ಆರಿತು, ಉದುರಿತು. ಊದಿ ಚೆಲ್ಲಿ, ‘ಗುಂಡು ತಾನಾಗಿ ಹಾರಿತು’ ಎಂದು ಬರೆದ. ಅದು ಆರುವ ತನಕವೂ ನಿಲ್ಲಲಿಲ್ಲ. ಬೆವರು ಅವನ ಮೂಗಿನ ತುದಿಗೆ ಬಂದಿತ್ತು. ‘ನಾನು ಆ ಹೊತ್ತು ಮನೆಯಲ್ಲಿರಲಿಲ್ಲ’ ಎಂದು ಬರೆದ. ಶಲ್ಯದ ಮೇಲೆಲ್ಲ ಕರೀ ಪುಡಿ. ಊರಿಗೆ ಊರೇ ನೋಡುತ್ತಿತ್ತು. ಚಪ್ಪಾಳೆ ತಟ್ಟಿದ ಆಳುಗಳು ಯಾವಾಗ ಹಿಂದಕ್ಕೆ ಸರಿದರೋ, ಅವನ ಸುತ್ತ ಬಯಲಾಗಿತ್ತು. ಅವನು ಪೆನ್ನನ್ನು ಹಾಳೆಯ ಮೇಲೆ ಹಿಡಿದುಕೊಂಡು, ಏನು ಬರೆಯಲಿ ಎಂದು ಯೋಚಿಸುತ್ತ ನಿಂತ.

ಆಗ ಅವ್ವ ಮುಂದೆ ಬಂದಳು. ನೆಲದ ಮೇಲೆ ಬಿದ್ದ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿ ಭರಣಿಗೆ ಹಾಕಿಕೊಂಡಳು. ಎದ್ದು ನಿಂತು ಅವನ ಮುಖ ನೋಡಿದಳು.

“ಖರೇ ಬರಿಯೋ ಕುಬೇರಪ್ಪಾ. ನಿಲ್ಲತೈತಿ.”

ಕುಬೇರಪ್ಪ ಪೆನ್ನು ಮೇಜಿನ ಮೇಲಿಟ್ಟ. ಶಲ್ಯ ಜಾಡಿಸಿಕೊಳ್ಳದೆ ಹೊರಟುಹೋದ. ವಾಮನರಾವ್ ಗಡಿಯಾರ ನೋಡಿ, ಕಚೇರಿ ಮುಚ್ಚುವ ಹೊತ್ತಿನ ತನಕ ಕಾದು, ಕಾರಣಸಹಿತ ಆಕ್ಷೇಪಣೆ ಬಂದಿಲ್ಲ ಎಂದು ಬರೆದ. ಅದು ನಿಂತಿತು. ಆರು ಪಿಸ್ತೂಲನ್ನೂ ತಕ್ಕಡಿಗೆ ಹಾಕಿದರು. ನಾನು ಗೋಣಿಚೀಲದಲ್ಲಿ ಹೊತ್ತುಕೊಂಡು ಮನೆಗೆ ಬಂದೆ.

ಇನ್ನು ಅವನನ್ನು ಹಿಡಿಯುತ್ತಾರೆ ಎಂದುಕೊಂಡ ನನ್ನ ಬುದ್ಧಿಗೆ ಏನೆನ್ನಲಿ. ಮರುದಿನ ಫೌಜದಾರನ ಹತ್ತಿರ ಹೋದೆ. ಸೀಲು ಕೇಳಿದ್ದೆಯಲ್ಲ, ಬಾಗಿಲ ಮೇಲಿದೆ, ನೋಡಿ ಬಾ ಎಂದೆ. ಅವನು ಹಲ್ಲುಕಡ್ಡಿ ಬಾಯಿಂದ ತೆಗೆಯದೆ, ಅದು ಖರೀದಿಯ ಕಾಗದ, ಫಿರ್ಯಾದಿಯಲ್ಲ, ಫಿರ್ಯಾದಿಗೆ ಫಾರಂ ಇಲ್ಲ, ಬಾಯಿಮಾತಿನಲ್ಲಿ ಹೇಳು ಎಂದ. ಹೇಳಿದೆ. ಕೇಳಿದ. ಅಷ್ಟೇ.

ಕುಲುಮೆಗೆ ಬಂದು ಬೆಂಕಿ ಹಾಕಿದೆ. ಅವ್ವ ತಿದಿ ಒತ್ತಿದಳು. ಮೊದಲನೆಯದನ್ನು ಅಡಿಗಲ್ಲಿನ ಮೇಲಿಟ್ಟು ಬಡಿದಾಗ ಇದೇ ಇರಲಿ ಎಂದುಕೊಂಡೆ. ಎರಡನೆಯದಕ್ಕೂ ಇದೇ ಇರಲಿ ಎಂದುಕೊಂಡೆ. ಐದು ಮುರಿಯುವ ಹೊತ್ತಿಗೆ ಅಂಗೈ ಸುಲಿದಿತ್ತು. ಆರನೆಯದರ ನಳಿಕೆಯನ್ನು ಇನ್ನೆಂದೂ ಗುಂಡು ಹಾರದಂತೆ ಚಪ್ಪಟೆ ಮಾಡಿದೆ. ಅದರ ಹಿಡಿಗೆ ಸುತ್ತಿಗೆ ಎತ್ತಿದವಳು ಹಾಗೇ ಕೆಳಗಿಳಿಸಿದೆ. ಅವ್ವ ತಿದಿ ಬಿಟ್ಟು ರೊಟ್ಟಿ ತಟ್ಟಲು ಎದ್ದಳು.

ಈಗ ತಿಂಗಳಿಗೊಮ್ಮೆ ವಾಮನರಾವ್ ಛತ್ರಿ ಹಿಡಿದುಕೊಂಡು ಕುಲುಮೆಗೆ ಬರುತ್ತಾನೆ. ಕುಬೇರಪ್ಪ ಕಳಿಸುತ್ತಾನೆ ಎಂದು ನನಗೆ ಗೊತ್ತು, ಅವನಿಗೂ ಗೊತ್ತು. ಬಾಗಿಲ ಮೇಲಿನ ಆ ಹಾಳೆಯನ್ನು ತೆಗೆಯಬೇಕಲ್ಲವಾ, ಉಪಯೋಗ ಮುಗೀತೇನು ಎಂದು ಕೇಳಿ, ಒಂದು ಚೀಟಿ ಮುಂದೆ ಹಿಡಿಯುತ್ತಾನೆ. ಆರನೆಯ ಪಿಸ್ತೂಲಿನ ಹಿಡಿ ಅಡಿಗಲ್ಲಿನ ಪಕ್ಕ ಹಾಗೇ ಇದೆ. ನಾನು ಕೈ ಒರೆಸಿಕೊಂಡು ಚೀಟಿ ತೆಗೆದುಕೊಳ್ಳುತ್ತೇನೆ, ‘ಇನ್ನೂ ಮುಗಿದಿಲ್ಲ’ ಎಂದು ಬರೆಯುತ್ತೇನೆ, ಆರುವ ತನಕ ಅವನನ್ನು ಅಲ್ಲೇ ನಿಲ್ಲಿಸಿ ಅವನ ಕೈಗೇ ಕೊಡುತ್ತೇನೆ.